ಪೋಸ್ಟ್‌ಗ್ರೆಸ್ ಅಪ್‌ಗ್ರೇಡ್ ಆದಮೇಲೆ ಸ್ವಂತ ಆಪರೇಟರ್‌ಗಳು ಕೈಕೊಟ್ಟರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆ ಅಡಿಕೆ ಮಂಡಿಯದೋ ಸಹಕಾರ ಸಂಘದ್ದೋ ಲೆಕ್ಕವನ್ನು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿ ಇಟ್ಟುಕೊಂಡು, ಅದನ್ನು ನೋಡಿಕೊಳ್ಳುವ ಹೊಣೆ ಹೊತ್ತವರಿಗೆ ಈ ಪುಟ. ಸಾಫ್ಟ್‌ವೇರ್ ಬರೆದವರು ಬಿಟ್ಟು ಹೋಗಿ ವರ್ಷಗಳಾಗಿರುತ್ತವೆ. ಅವರು ಕಟ್ಟಿಟ್ಟ ಆಪರೇಟರ್‌ಗಳು, ಅಂದರೆ + - ತರಹದ ಸ್ವಂತ ಚಿಹ್ನೆಗಳು, ಇವೆ ಎಂಬುದೇ ಅಪ್‌ಗ್ರೇಡ್ ದಿನ ಗೊತ್ತಾಗುತ್ತದೆ.

ವಿವರಣೆಗೆ ಎರಡು ಆಪರೇಟರ್‌ಗಳನ್ನು ಇಟ್ಟುಕೊಂಡಿದ್ದೇವೆ. ಒಂದು @#, ಕೆಜಿಯನ್ನು ಕ್ವಿಂಟಾಲ್ ಮಾಡುತ್ತದೆ. ಇನ್ನೊಂದು =@=, ಬೇರೆ ಬೇರೆ ರೀತಿ ಟೈಪ್ ಆದ ಕನ್ನಡ ಹೆಸರುಗಳು ಒಂದೇನಾ ಎಂದು ನೋಡುತ್ತದೆ. ಆದೇಶಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇವೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ. ಚಿಹ್ನೆ, ಅಂಕಿ, ಅಂಡರ್‌ಸ್ಕೋರ್ ಇದ್ದ ಹಾಗೇ ಇರಲಿ.

ಆಪರೇಟರ್ ಅಂದರೆ ಒಳಗೆ ಏನಿದೆ?

ಒಂದು ಫಂಕ್ಷನ್, ಅಷ್ಟೇ. ಆಪರೇಟರ್ ಅದಕ್ಕೆ ಅಂಟಿಸಿದ ಚೀಟಿ. ಈ ಚೀಟಿಗಳೆಲ್ಲ ಪಿಜಿ_ಆಪರೇಟರ್ ಎಂಬ ಟೇಬಲ್‌ನಲ್ಲಿ ಇರುತ್ತವೆ: ಹೆಸರು, ಎಡಗಡೆಯ ಡೇಟಾ ಬಗೆ, ಬಲಗಡೆಯ ಬಗೆ, ಹಿಂದೆ ಓಡುವ ಫಂಕ್ಷನ್. ಹೆಸರಿಗೆ ಬಳಸಬಹುದಾದ ಚಿಹ್ನೆಗಳು + - * / < > = ~ ! @ # % ^ & | ` ? ಇಷ್ಟೇ, ಉದ್ದ 63ರ ಒಳಗೆ.

ಕೆಡುವುದು ಮೂರು ಜಾಗದಲ್ಲಿ. ಹೊಸ ಆವೃತ್ತಿಯ ವ್ಯಾಕರಣವೇ ಆ ಚಿಹ್ನೆಯನ್ನು ಓದುವುದಿಲ್ಲ. ಇಲ್ಲವೇ ಓದುತ್ತದೆ, ಆದರೆ ಹುಡುಕಿದ ಸ್ಕೀಮಾದಲ್ಲಿ (ಡೇಟಾಬೇಸ್ ಒಳಗಿನ ಕೋಣೆ) ಅದು ಸಿಗುವುದಿಲ್ಲ. ಇಲ್ಲವೇ ಸಿಗುತ್ತದೆ, ಹಿಂದಿರುವ ಫಂಕ್ಷನ್ನೋ ಲೈಬ್ರರಿಯೋ ಅಕ್ಷರಗಳ ಸರದಿಯೋ ಬದಲಾಗಿರುತ್ತದೆ. ಮೊದಲ ಎರಡರಲ್ಲಿ ಎರರ್ ಬರುತ್ತದೆ, ಅದು ಪುಣ್ಯ. ಮೂರನೆಯದು ಹಲವು ಸಲ ಸದ್ದಿಲ್ಲದೆ ತಪ್ಪು ಲೆಕ್ಕ ಕೊಡುತ್ತದೆ.

14.5ರಿಂದ 14.9ಕ್ಕೆ ಹೋದರೂ ಇದೆಲ್ಲ ಆಗುತ್ತದಾ?

ಸಾಮಾನ್ಯವಾಗಿ ಇಲ್ಲ. ಚುಕ್ಕಿಯ ನಂತರದ ಅಂಕಿ ಬದಲಾದರೆ ದೋಷ ತಿದ್ದುಪಡಿ ಮಾತ್ರ, ಡೇಟಾ ಹಾಗೇ ಇರುತ್ತದೆ. ಒಂದು ದೊಡ್ಡ ಅಪವಾದ ಇದೆ: 2018ರ ಮಾರ್ಚ್ 1ರಂದು ಬಂದ 10.3, 9.6.8 ಮತ್ತು ಅವುಗಳ ಜೊತೆಯ ತಿದ್ದುಪಡಿಗಳು. ಭದ್ರತೆಗಾಗಿ ಮಾಡಿದ ಆ ಬದಲಾವಣೆಯಿಂದ ಬ್ಯಾಕಪ್ ವಾಪಸ್ ಹಾಕುವಾಗ ಎಷ್ಟೋ ಜನರ ಆಪರೇಟರ್ ಸಿಗದೇ ಹೋಯಿತು. ಅದರ ಕಥೆ ಕೆಳಗೆ ಇದೆ.

9.5ರ ಮುಂಚಿನ ಕಾಲದಿಂದಲೋ, 13ರಿಂದ 17ಕ್ಕೋ ಜಿಗಿಯುವವರು ಈ ಪುಟವನ್ನು ಪೂರ್ತಿ ಓದಿ. ಪ್ರತಿ ಮುಖ್ಯ ಆವೃತ್ತಿಗೆ 5 ವರ್ಷ ಬೆಂಬಲ. 13ರ ಬೆಂಬಲ 2025ರ ನವೆಂಬರ್‌ಗೆ ಮುಗಿದಿದೆ.

ನಮ್ಮ ಡೇಟಾಬೇಸ್‌ನಲ್ಲಿ ಯಾವ್ಯಾವ ಆಪರೇಟರ್ ಇದೆ ಅಂತ ಹೇಗೆ ತಿಳಿಯುವುದು?

ಪೋಸ್ಟ್‌ಗ್ರೆಸ್‌ನ ಟರ್ಮಿನಲ್ ಪ್ರೋಗ್ರಾಂ ಆದ ಪಿಎಸ್‌ಕ್ಯೂಎಲ್ ಒಳಗೆ ಹೋಗಿ \ಡಿಓ+ ಒತ್ತಿ. ಬಳಕೆದಾರರು ಕಟ್ಟಿದ್ದು ಮಾತ್ರ ಬರುತ್ತದೆ, ಜೊತೆಗೆ ಹಿಂದಿರುವ ಫಂಕ್ಷನ್ ಹೆಸರೂ. ಆದರೆ ಸರ್ಚ್_ಪಾತ್‌ನಲ್ಲಿ (ಹೆಸರು ಹುಡುಕುವ ಸ್ಕೀಮಾಗಳ ಪಟ್ಟಿ) ಇಲ್ಲದ ಸ್ಕೀಮಾದವು ಅದರಲ್ಲಿ ಕಾಣುವುದಿಲ್ಲ. ಆದ್ದರಿಂದ ಇದನ್ನೇ ಓಡಿಸುವುದು ಲೇಸು:

ಸೆಲೆಕ್ಟ್ ಓಐಡಿ::ರೆಗ್‌ಆಪರೇಟರ್, ಒಪಿಆರ್‌ಕೈಂಡ್, ಒಪಿಆರ್‌ಕೋಡ್ ಫ್ರಮ್ ಪಿಜಿ_ಆಪರೇಟರ್ ವೇರ್ ಓಐಡಿ >= 16384;

ಓಐಡಿ ಅಂದರೆ ಪ್ರತಿಯೊಂದಕ್ಕೂ ಪೋಸ್ಟ್‌ಗ್ರೆಸ್ ಕೊಡುವ ಒಳಗಿನ ಸಂಖ್ಯೆ. 16384ಕ್ಕಿಂತ ಕೆಳಗಿನ ಸಂಖ್ಯೆಗಳು ಪೋಸ್ಟ್‌ಗ್ರೆಸ್‌ನ ಸ್ವಂತದವು. ಎಕ್ಸ್‌ಟೆನ್ಷನ್‌ಗಳು, ಅಂದರೆ ಆಮೇಲೆ ಸೇರಿಸಿದ ಹೆಚ್ಚುವರಿ ಭಾಗಗಳು, ತಂದ ಆಪರೇಟರ್‌ಗಳೂ ಪಟ್ಟಿಯಲ್ಲಿ ಸೇರಿಕೊಳ್ಳುತ್ತವೆ, ಹೆದರಬೇಡಿ. ಒಪಿಆರ್‌ಕೈಂಡ್ ಕಾಲಂನಲ್ಲಿ 'ಬಿ' ಇದ್ದರೆ ಎರಡೂ ಕಡೆ ಬೆಲೆ ಬೇಕು, 'ಎಲ್' ಇದ್ದರೆ ಚಿಹ್ನೆ ಬೆಲೆಯ ಮುಂದೆ ಬರುತ್ತದೆ (@# 350), 'ಆರ್' ಇದ್ದರೆ ಚಿಹ್ನೆ ಬೆಲೆಯ ಹಿಂದೆ ಬರುತ್ತದೆ (350 @#). 'ಆರ್' ಕಂಡ ಪ್ರತಿ ಸಾಲಿಗೂ ಕೆಂಪು ಗೆರೆ ಎಳೆಯಿರಿ. ಒಪಿಆರ್‌ಕೋಡ್ ಜಾಗದಲ್ಲಿ ಬರೀ - ಇದ್ದರೆ ಅದು ಟೊಳ್ಳು ಆಪರೇಟರ್: ಬೇರೊಂದರ ಜೋಡಿ ಎಂದು ಹೆಸರು ಹೇಳಿದ್ದಾರೆ, ಕೊನೆಗೂ ಕಟ್ಟಿಲ್ಲ.

ಡೇಟಾಬೇಸ್ ಒಂದೇ ಇದೆ ಅಂದುಕೊಳ್ಳಬೇಡಿ. ಸರ್ವರ್‌ನಲ್ಲಿರುವ ಪ್ರತಿಯೊಂದರಲ್ಲೂ ಓಡಿಸಿ. ಹಳೆಯ ಸಾಲಿನ ಲೆಕ್ಕ ಅಂತ ಪಕ್ಕಕ್ಕಿಟ್ಟ ಡೇಟಾಬೇಸಿನಲ್ಲೇ ಇಂಥವು ಅಡಗಿರುತ್ತವೆ, ಅಪ್‌ಗ್ರೇಡ್ ಅಲ್ಲೂ ನಿಲ್ಲುತ್ತದೆ.

'ಯೂಸರ್-ಡಿಫೈನ್ಡ್ ಪೋಸ್ಟ್‌ಫಿಕ್ಸ್ ಆಪರೇಟರ್ಸ್' ಎಂದು ಹೇಳಿ ಪಿಜಿ_ಅಪ್‌ಗ್ರೇಡ್ ನಿಂತುಬಿಟ್ಟಿತು. ಏನು ಮಾಡಬೇಕು?

ಪಿಜಿ_ಅಪ್‌ಗ್ರೇಡ್ ಹಳೆಯ ಆವೃತ್ತಿಯ ಡೇಟಾವನ್ನು ಹೊಸದಕ್ಕೆ ತರುವ ಪ್ರೋಗ್ರಾಂ. ಆವೃತ್ತಿ 14ರಿಂದ, ಅಂದರೆ 2021ರ ಸೆಪ್ಟೆಂಬರ್‌ನಿಂದ, ಬೆಲೆಯ ಹಿಂದೆ ಬರುವ (ಪೋಸ್ಟ್‌ಫಿಕ್ಸ್) ಆಪರೇಟರ್ ಇಲ್ಲವೇ ಇಲ್ಲ. ಪೋಸ್ಟ್‌ಗ್ರೆಸ್‌ನ ಸ್ವಂತ ಫ್ಯಾಕ್ಟೋರಿಯಲ್ ಚಿಹ್ನೆ ! ಕೂಡ ಆಗಲೇ ಹೋಯಿತು, ಫ್ಯಾಕ್ಟೋರಿಯಲ್() ಫಂಕ್ಷನ್ ಮಾತ್ರ ಉಳಿಯಿತು. ಕಾರಣ ವ್ಯಾಕರಣದ ಗೊಂದಲ. 350 @# + 2 ಎಂದು ಬರೆದರೆ, '350 @#' ಮುಗಿದು ಆಮೇಲೆ 2 ಕೂಡಿಸಬೇಕೋ, ಅಥವಾ 350 ಮತ್ತು +2 ನಡುವೆ @# ಕೂತಿದೆಯೋ? ಪೋಸ್ಟ್‌ಗ್ರೆಸ್ ಎರಡನೆಯದು ಅಂತಲೇ ಓದುತ್ತಿತ್ತು. ಈ ತೊಡಕು ಬಿಟ್ಟ ಮೇಲೆ ಕಾಲಂ ಅಡ್ಡಹೆಸರುಗಳಿಗೆ 'ಆ್ಯಸ್' ಹಾಕದೆಯೇ ಬಹುಪಾಲು ಕೀವರ್ಡ್ ಬಳಸಲು ಸಾಧ್ಯವಾಯಿತು.

ಪೋಸ್ಟ್‌ಫಿಕ್ಸ್_ಆಪ್ಸ್ ಎಂಬ ಟೆಕ್ಸ್ಟ್ ಫೈಲ್‌ನಲ್ಲಿ ಪಟ್ಟಿ ಸಿಗುತ್ತದೆ. 15ರ ನಂತರದ ಪಿಜಿ_ಅಪ್‌ಗ್ರೇಡ್ ಆದರೆ ಅದು ಹೊಸ ಡೇಟಾ ಡೈರೆಕ್ಟರಿಯೊಳಗಿನ ಪಿಜಿ_ಅಪ್‌ಗ್ರೇಡ್_ಔಟ್‌ಪುಟ್.ಡಿ ಫೋಲ್ಡರ್‌ನಲ್ಲಿರುತ್ತದೆ. ಪಿಜಿ_ಡಂಪ್‌ನಿಂದ ಬ್ಯಾಕಪ್ ಫೈಲ್ (ಡಂಪ್) ತೆಗೆದು ವಾಪಸ್ ಹಾಕುವವರಿಗೆ ಇದೇ ತಕರಾರು ಬೇರೆ ಮಾತಿನಲ್ಲಿ ಬರುತ್ತದೆ: ಬಲಗಡೆಯ ಆರ್ಗ್ಯುಮೆಂಟ್ ಬಗೆ ಕೊಡಬೇಕು ಅಂತ.

ಕೆಲಸ ಹಳೆಯ ಸರ್ವರ್‌ನಲ್ಲೇ ನಡೆಯಬೇಕು, ಕ್ರಮ ಹೀಗೆ. ಮೊದಲು ಆ ಆಪರೇಟರ್ ಬಳಸುವ ವ್ಯೂಗಳ (ಹೆಸರಿಟ್ಟು ಉಳಿಸಿದ ಕ್ವೆರಿಗಳ) ಪಠ್ಯವನ್ನು ಪಿಜಿ_ಗೆಟ್_ವ್ಯೂಡೆಫ್‌ನಿಂದ ತೆಗೆದು ಫೈಲ್‌ಗೆ ಹಾಕಿ. ಫಂಕ್ಷನ್‌ಗಳ ಒಳಗೆ ಹುಡುಕಲು ಪಿಜಿ_ಪ್ರೊಕ್ ಟೇಬಲ್‌ನ ಪ್ರೊಎಸ್‌ಆರ್‌ಸಿ ಕಾಲಂನಲ್ಲಿ '%@#%' ನೋಡಿ. ಪ್ರೋಗ್ರಾಂ ಕೋಡ್‌ನಲ್ಲಿ ಗ್ರೆಪ್ ಮಾಡಿ, ರಿಪೋರ್ಟ್ ಟೆಂಪ್ಲೇಟ್‌ಗಳನ್ನು ಮರೆಯಬೇಡಿ. ರೈತರಿಗೆ ಕೊಡುವ ಪಟ್ಟಿ ಅಚ್ಚಾಗುವುದು ಅಲ್ಲಿಂದಲೇ. ವ್ಯೂಗಳನ್ನು ಫಂಕ್ಷನ್ ಕರೆಯಾಗಿ ಬದಲಿಸಿ ಮತ್ತೆ ಕಟ್ಟಿ. ಕೊನೆಗೆ:

ಡ್ರಾಪ್ ಆಪರೇಟರ್ @# (ನ್ಯೂಮೆರಿಕ್, ನನ್);

ಬೇರೆ ಏನೋ ಇದನ್ನು ನೆಚ್ಚಿಕೊಂಡಿದೆ ಎಂದು ತಡೆದರೆ 'ಕ್ಯಾಸ್ಕೇಡ್' ಸೇರಿಸಿ ತಪ್ಪಿಸಿಕೊಳ್ಳಬೇಡಿ. ಅದು ಆ ವ್ಯೂವನ್ನೂ, ಆ ವ್ಯೂ ಮೇಲೆ ನಿಂತ ವ್ಯೂಗಳನ್ನೂ ಒಟ್ಟಿಗೆ ಗುಡಿಸಿ ಹಾಕುತ್ತದೆ.

ಚಿಹ್ನೆಯನ್ನು ಹಿಂದಿನಿಂದ ಮುಂದಕ್ಕೆ ತಂದೆವು. ಎರರ್ ಇಲ್ಲ, ತೂಕ ಮಾತ್ರ ತಪ್ಪು ಬರುತ್ತಿದೆ!

ಆವರಣ ಬಿಟ್ಟಿದ್ದೀರಿ. @# ತರಹದ ಹೊಸ ಹೆಸರಿಟ್ಟು ನಾವು ಕಟ್ಟಿದ ಆಪರೇಟರ್‌ನ ಆದ್ಯತೆ, ಅಂದರೆ ಲೆಕ್ಕದಲ್ಲಿ ಯಾವುದು ಮೊದಲು ಎಂಬ ಸರದಿ, + - * / ಇವಕ್ಕಿಂತ ಕೆಳಗೆ. ಹಳೆಯದರಲ್ಲಿ (350 @#) + 2 ಅಂತ ಇತ್ತು, ಉತ್ತರ 5.5 ಕ್ವಿಂಟಾಲ್. ಅದನ್ನು @# 350 + 2 ಎಂದು ಬದಲಿಸಿದರೆ ಮೊದಲು 352 ಆಗಿ, ಆಮೇಲೆ ಕ್ವಿಂಟಾಲ್ ಆಗಿ, 3.52 ಬರುತ್ತದೆ. ಬರೀ ಗುಣಾಕಾರ ಇದ್ದ ಕಡೆ ತಪ್ಪು ಗೊತ್ತೇ ಆಗುವುದಿಲ್ಲ, ಏಕೆಂದರೆ 100ರಿಂದ ಭಾಗಿಸುವುದು ಮುಂಚೆ ಆದರೂ ಆಮೇಲೆ ಆದರೂ ಮೊತ್ತ ಒಂದೇ. ಕೂಡುವ, ಕಳೆಯುವ, ದಶಾಂಶ ಕತ್ತರಿಸುವ ಕಡೆ ಮಾತ್ರ ಜಾರುತ್ತದೆ. ಹಾಗಾಗಿ ಎರಡು ಮೂರು ಪಟ್ಟಿ ಸರಿ ಬಂತು ಎಂದು ನೆಮ್ಮದಿ ಪಡಬೇಡಿ.

ಕ್ವಿಂಟಾಲ್(350) + 2 ಎಂದು ಫಂಕ್ಷನ್ ಆಗಿಯೇ ಬರೆದರೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ನಮ್ಮ ಸಲಹೆ ಅದೇ.

ಅರ್ರೇ ಬಗ್ಗೆ ಏನೋ ತಕರಾರು: 'ಇಂಟರ್ನಲ್ ಪಾಲಿಮಾರ್ಫಿಕ್ ಫಂಕ್ಷನ್ಸ್' ಅಂತ?

ಇದೂ 14ರದ್ದೇ. ಅರ್ರೇ_ಅಪೆಂಡ್, ಅರ್ರೇ_ಪ್ರಿಪೆಂಡ್, ಅರ್ರೇ_ಕ್ಯಾಟ್, ಅರ್ರೇ_ರಿಮೂವ್, ಅರ್ರೇ_ರಿಪ್ಲೇಸ್ ಮುಂತಾದವು 'ಎನಿಅರ್ರೇ' ಬದಲು 'ಎನಿಕಂಪ್ಯಾಟಿಬಲ್‌ಅರ್ರೇ' ತೆಗೆದುಕೊಳ್ಳತೊಡಗಿದವು. ಅವುಗಳ ಮೇಲೆ ನೇರವಾಗಿ ಕಟ್ಟಿದ ಆಪರೇಟರ್, ಅಗ್ರಿಗೇಟ್ (ಹಲವು ಸಾಲುಗಳಿಂದ ಒಂದು ಉತ್ತರ ಕೊಡುವ ಫಂಕ್ಷನ್) ಎರಡೂ ಒಡೆಯುತ್ತವೆ. ಅಪ್‌ಗ್ರೇಡ್ ಮುಂಚೆ ಕಿತ್ತು, ಆದಮೇಲೆ ಹೊಸ ಬಗೆಯ ಹೆಸರು ಹಾಕಿ ಮತ್ತೆ ಕಟ್ಟಬೇಕು. ಬಿಡಿ ಬೆಲೆಗಳನ್ನು ಒಂದು ಅರ್ರೇಗೆ ಸೇರಿಸಲು ಯಾರೋ ಬರೆದ ಹಳೆಯ ಅಗ್ರಿಗೇಟ್ ಆಗಿದ್ದರೆ ಮತ್ತೆ ಕಟ್ಟುವ ಗೋಜೇ ಬೇಡ, 8.4ರಿಂದ ಅರ್ರೇ_ಆ್ಯಗ್ ಇದೆ.

=> ಎಂಬ ಆಪರೇಟರ್ ಕೆಲಸ ಮಾಡುತ್ತಿಲ್ಲ.

ಮಾಡುವುದೂ ಇಲ್ಲ. 9.0ರಲ್ಲಿ ಎಚ್ಚರಿಕೆ ಕೊಟ್ಟರು, ಎಚ್‌ಸ್ಟೋರ್ ಎಂಬ ಎಕ್ಸ್‌ಟೆನ್ಷನ್‌ನದನ್ನು 9.2ರಲ್ಲಿ ತೆಗೆದರು, 9.5ರಲ್ಲಿ ಆ ಚಿಹ್ನೆ ಫಂಕ್ಷನ್‌ಗೆ ಹೆಸರು ಹೇಳಿ ಆರ್ಗ್ಯುಮೆಂಟ್ ಕೊಡಲು ಮೀಸಲಾಯಿತು. ಎಚ್‌ಸ್ಟೋರ್ ಆಗಿದ್ದರೆ ಎಚ್‌ಸ್ಟೋರ್(ಕೀ, ಬೆಲೆ) ಎಂದು ಬರೆಯಿರಿ. ನಿಮ್ಮದೇ ಆದರೆ ಬೇರೆ ಚಿಹ್ನೆ ಆರಿಸಿ.

ಇದೇ ಸಾಲಿಗೆ ಸೇರಿದ್ದು @ ಮತ್ತು ~ : ಒಳಗೊಂಡಿದೆ, ಒಳಗಿದೆ ಎಂಬ ಅರ್ಥದಲ್ಲಿ ಎಚ್‌ಸ್ಟೋರ್, ಇಂಟ್‌ಅರ್ರೇ, ಕ್ಯೂಬ್, ಸೆಗ್ ಮತ್ತು ಜ್ಯಾಮಿತಿ ಬಗೆಗಳಿಗಿದ್ದ ಈ ಹಳೆಯ ಚಿಹ್ನೆಗಳನ್ನು 14ರಲ್ಲಿ ತೆಗೆದರು. @> ಮತ್ತು <@ ಬಳಸಿ.

ಬ್ಯಾಕಪ್ ವಾಪಸ್ ಹಾಕುವಾಗ 'ಆಪರೇಟರ್ ಡಸ್ ನಾಟ್ ಎಕ್ಸಿಸ್ಟ್' ಅನ್ನುತ್ತದೆ. ಹುಡುಕಿದರೆ ಆಪರೇಟರ್ ಅಲ್ಲೇ ಇದೆ! ಇದೇನು ಮಾಯೆ?

ಮಾಯೆ ಸರ್ಚ್_ಪಾತ್‌ನದು. 2018ರ ಆ ಭದ್ರತಾ ಬದಲಾವಣೆಯ ನಂತರ ಪಿಜಿ_ಡಂಪ್ ತೆಗೆದ ಫೈಲ್‌ನ ಆರಂಭದಲ್ಲೇ ಸರ್ಚ್_ಪಾತ್ ಖಾಲಿ ಮಾಡುವ ಸಾಲು ಇರುತ್ತದೆ. ಬೇರೆಯವರು ಪಬ್ಲಿಕ್ ಸ್ಕೀಮಾದಲ್ಲಿ ಅದೇ ಹೆಸರಿನ ನಕಲಿ ಫಂಕ್ಷನ್ನೋ ಆಪರೇಟರ್ರೋ ಇಟ್ಟು, ಸೂಪರ್‌ಯೂಸರ್ ಕೈಯಲ್ಲಿ ಅದನ್ನು ಓಡಿಸದಿರಲಿ ಎಂದು. ಪಬ್ಲಿಕ್‌ನಲ್ಲಿರುವ ನಿಮ್ಮ =@= ಕೂಡ ಆಗ ಕಾಣಿಸುವುದಿಲ್ಲ.

ಡಂಪ್ ತಾನಾಗಿ ಬರೆಯುವ ವ್ಯೂಗಳಲ್ಲಿ ಸ್ಕೀಮಾ ಹೆಸರು ಸೇರಿರುತ್ತದೆ, ಅವು ಪಾರಾಗುತ್ತವೆ. ಸಿಕ್ಕಿಬೀಳುವುದು ಫಂಕ್ಷನ್‌ಗಳ ಒಳಗಿನ ಪಠ್ಯ. ಸದಸ್ಯರ ಹೆಸರಿನ ಮೇಲಿನ ಇಂಡೆಕ್ಸ್ ಒಂದು ಫಂಕ್ಷನ್ ಕರೆಯುತ್ತದೆ, ಆ ಫಂಕ್ಷನ್ ಒಳಗೆ ಬರೀ =@= ಇದೆ, ಇಂಡೆಕ್ಸ್ ಕಟ್ಟುವ ಹೊತ್ತಿಗೆ ಪಾತ್ ಖಾಲಿ. ಚೆಕ್ ನಿಬಂಧನೆ, ಮೆಟೀರಿಯಲೈಸ್ಡ್ ವ್ಯೂ (ಉತ್ತರವನ್ನೂ ಉಳಿಸಿಟ್ಟ ವ್ಯೂ), ಜನರೇಟೆಡ್ ಕಾಲಂ ಎಲ್ಲದರಲ್ಲೂ ಇದೇ ಕಥೆ.

ಪರಿಹಾರ ಎರಡು. ಫಂಕ್ಷನ್ ಒಳಗೆ ಆಪರೇಟರ್‌ನ ಪೂರ್ತಿ ವಿಳಾಸ ಬರೆಯಿರಿ:

ಎ ಆಪರೇಟರ್(ಪಬ್ಲಿಕ್.=@=) ಬಿ

ನೋಡಲು ಚೆಂದವಿಲ್ಲ, ಆದರೆ ಗಟ್ಟಿ. ಹೀಗೆ ಬರೆದಾಗ ಒಳಗೆ + ಇದ್ದರೂ * ಇದ್ದರೂ ಆದ್ಯತೆ 'ಇತರೆ ಆಪರೇಟರ್' ಮಟ್ಟಕ್ಕೆ ಇಳಿಯುತ್ತದೆ, ಆವರಣ ಹಾಕಿಬಿಡಿ. ಇಲ್ಲವಾದರೆ ಫಂಕ್ಷನ್‌ಗೇ ಪಾತ್ ಕಟ್ಟಿ:

ಆಲ್ಟರ್ ಫಂಕ್ಷನ್ ಹೆಸರು_ಹೊಂದಿಸು(ಟೆಕ್ಸ್ಟ್, ಟೆಕ್ಸ್ಟ್) ಸೆಟ್ ಸರ್ಚ್_ಪಾತ್ = ಪಬ್ಲಿಕ್, ಪಿಜಿ_ಟೆಂಪ್;

ಇದು ಸುಲಭ, ಆದರೆ ಎಸ್‌ಕ್ಯೂಎಲ್ ಭಾಷೆಯ ಚಿಕ್ಕ ಫಂಕ್ಷನ್‌ಗೆ ಹೀಗೆ ಕಟ್ಟಿದರೆ ಪ್ಲಾನರ್ (ಕ್ವೆರಿ ಹೇಗೆ ಓಡಬೇಕೆಂದು ನಿರ್ಧರಿಸುವ ಭಾಗ) ಅದನ್ನು ಕ್ವೆರಿಯೊಳಗೆ ಬಿಚ್ಚಿ ಹಾಕಲಾರದು, ಪ್ರತಿ ಸಾಲಿಗೂ ಕರೆ ಹೋಗುತ್ತದೆ. ಲಕ್ಷ ಸಾಲಿನ ಟೇಬಲ್ ಆದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಎರಡರಲ್ಲಿ ಮೊದಲನೆಯದೇ ನಮ್ಮ ಆಯ್ಕೆ.

ಡಂಪ್ ಫೈಲ್ ತೆರೆದು ಸರ್ಚ್_ಪಾತ್ ಸಾಲನ್ನು ಅಳಿಸುವ ದಾರಿಯೂ ಇದೆ. ತುರ್ತಿಗೆ ನಡೆಯುತ್ತದೆ, ಮುಂದಿನ ಅಪ್‌ಗ್ರೇಡ್‌ಗೆ ಮತ್ತೆ ಅದೇ ಗೋಳು.

ವ್ಯೂ ಸರಿಯಾಗಿ ಓಡುತ್ತದೆ, ಅದೇ ಸಾಲು ಫಂಕ್ಷನ್ ಒಳಗೆ ಓಡುವುದಿಲ್ಲ. ಯಾಕೆ?

ವ್ಯೂ ಕಟ್ಟಿದ ದಿನವೇ ಆಪರೇಟರ್‌ನ ಓಐಡಿ ಹಿಡಿದಿಟ್ಟುಕೊಳ್ಳುತ್ತದೆ. ಪಿಎಲ್/ಪಿಜಿಎಸ್‌ಕ್ಯೂಎಲ್ ಫಂಕ್ಷನ್ ಬರೀ ಪಠ್ಯ, ಓಡುವ ಹೊತ್ತಿಗೆ ಹುಡುಕುತ್ತದೆ. 14ರಿಂದ ಎಸ್‌ಕ್ಯೂಎಲ್ ಫಂಕ್ಷನ್‌ಗಳನ್ನು 'ಬಿಗಿನ್ ಅಟಾಮಿಕ್' ಎಂದು ಬರೆದರೆ ಅವೂ ವ್ಯೂ ತರಹ ಮುಂಚೆಯೇ ಗುರುತು ಹಿಡಿಯುತ್ತವೆ. ಆಪರೇಟರ್ ಕೀಳಲು ಹೋದರೆ ತಡೆಯುತ್ತವೆ ಕೂಡ. ಹೊಸದಾಗಿ ಬರೆಯುವವರಿಗೆ ಇದೇ ಒಳ್ಳೆಯದು.

17ಕ್ಕೆ ಬಂದ ಮೇಲೆ ಹಗಲಿನ ಕ್ವೆರಿಗಳು ಸರಿ, ರಾತ್ರಿಯ ರಿಫ್ರೆಶ್ ಮಾತ್ರ ಬೀಳುತ್ತಿದೆ.

2024ರ ಸೆಪ್ಟೆಂಬರ್‌ನಲ್ಲಿ ಬಂದ 17ರಲ್ಲಿ ರಿಫ್ರೆಶ್ ಮೆಟೀರಿಯಲೈಸ್ಡ್ ವ್ಯೂ, ರೀಇಂಡೆಕ್ಸ್, ಕ್ರಿಯೇಟ್ ಇಂಡೆಕ್ಸ್, ವ್ಯಾಕ್ಯೂಮ್, ಅನಲೈಸ್, ಕ್ಲಸ್ಟರ್ ಇವೆಲ್ಲ ಓಡುವಾಗ ಸರ್ಚ್_ಪಾತ್ ತಾನಾಗಿ ಪಿಜಿ_ಕೆಟಲಾಗ್ (ಪೋಸ್ಟ್‌ಗ್ರೆಸ್‌ನ ಸ್ವಂತ ಸ್ಕೀಮಾ) ಮತ್ತು ಪಿಜಿ_ಟೆಂಪ್‌ಗೆ ಇಳಿಯುತ್ತದೆ. ಪಬ್ಲಿಕ್ ಅದರಲ್ಲಿಲ್ಲ. ಮದ್ದು ಮೇಲಿನದೇ. ದಿನದ ರಾಶಿ, ಬೆಟ್ಟೆ, ಸರಕು, ಗೊರಬಲು ದರಗಳ ಸಾರಾಂಶವನ್ನು ಮೆಟೀರಿಯಲೈಸ್ಡ್ ವ್ಯೂನಲ್ಲಿ ಇಟ್ಟವರು ಗಮನಿಸಿ: ರಿಫ್ರೆಶ್ ಬಿದ್ದರೆ ಹಳೆಯ ಡೇಟಾ ಹಾಗೇ ಉಳಿಯುತ್ತದೆ. ಪರದೆ ಮೇಲೆ ನಿನ್ನೆಯ ದರ ಇವತ್ತಿನದರ ಹಾಗೆ ನಿಂತಿರುತ್ತದೆ, ಎರರ್ ಇರುವುದು ಲಾಗ್‌ನಲ್ಲಿ ಮಾತ್ರ.

ಹೊಸ ಡೇಟಾಬೇಸ್‌ನಲ್ಲಿ ಆಪರೇಟರ್ ಕಟ್ಟಲು ಹೋದರೆ ಪಬ್ಲಿಕ್ ಸ್ಕೀಮಾಗೆ ಅನುಮತಿ ಇಲ್ಲ ಅನ್ನುತ್ತದೆ.

15ರಿಂದ ಹೊಸದಾಗಿ ಮಾಡಿದ ಡೇಟಾಬೇಸ್‌ಗಳಲ್ಲಿ ಪಬ್ಲಿಕ್‌ನೊಳಗೆ ಏನಾದರೂ ಕಟ್ಟುವ ಹಕ್ಕು ಎಲ್ಲರಿಗೂ ಇಲ್ಲ. ಪಿಜಿ_ಅಪ್‌ಗ್ರೇಡ್ ಮಾಡಿದ ಹಳೆಯ ಡೇಟಾಬೇಸ್‌ಗೆ ಹಳೆಯ ಹಕ್ಕೇ ಬರುತ್ತದೆ. ಪಬ್ಲಿಕ್ ಬಾಗಿಲು ತೆರೆಯುವ ಬದಲು ಆಪರೇಟರ್‌ಗಳಿಗೇ ಒಂದು ಸ್ಕೀಮಾ ಮಾಡಿ.

'ಕುಡ್ ನಾಟ್ ಲೋಡ್ ಲೈಬ್ರರಿ' ಎಂದು ಬಂತು. ಆಪರೇಟರ್ ಸಿ ಭಾಷೆಯಲ್ಲಿದೆಯಂತೆ.

ಸಿ ಭಾಷೆಯ ಫಂಕ್ಷನ್ ಪ್ರತಿ ಮುಖ್ಯ ಆವೃತ್ತಿಗೂ ಹೊಸದಾಗಿ ಕಂಪೈಲ್ ಆಗಬೇಕು. ಹಳೆಯ .ಎಸ್‌ಓ ಫೈಲ್ ನಕಲು ಮಾಡಿ ಹೊಸ ಜಾಗದಲ್ಲಿ ಇಟ್ಟರೆ ಪಿಜಿ_ಮಾಡ್ಯೂಲ್_ಮ್ಯಾಜಿಕ್ ಗುರುತು ನೋಡಿ ಸರ್ವರ್ ತಿರಸ್ಕರಿಸುತ್ತದೆ, ಸರ್ವರ್ 16, ಲೈಬ್ರರಿ 13 ಎಂದು ಅಂಕಿ ಸಮೇತ. ಮೂಲ ಕೋಡ್ ಇದ್ದರೆ ಹೊಸ ಆವೃತ್ತಿಯ ಡೆವಲಪ್‌ಮೆಂಟ್ ಪ್ಯಾಕೇಜ್ ಹಾಕಿ, ಪಿಜಿ_ಕಾನ್ಫಿಗ್ ಹೊಸದರದ್ದೇ ಎಂದು ಖಚಿತಪಡಿಸಿಕೊಂಡು ಮೇಕ್, ಮೇಕ್ ಇನ್‌ಸ್ಟಾಲ್ ಕೊಡಿ. ಎರಡು ಆವೃತ್ತಿ ಒಂದೇ ಯಂತ್ರದಲ್ಲಿ ಇದ್ದಾಗ ಹಳೆಯ ಪಿಜಿ_ಕಾನ್ಫಿಗ್ ಸಿಕ್ಕಿ, ಫೈಲ್ ಹಳೆಯ ಫೋಲ್ಡರ್‌ಗೇ ಹೋಗಿ ಕೂರುವುದು ಸಾಮಾನ್ಯ ಎಡವಟ್ಟು.

ಫಂಕ್ಷನ್‌ಗೆ ಪಿಜಿ_ಫಂಕ್ಷನ್_ಇನ್ಫೋ_ವಿ1 ಇಲ್ಲದಿದ್ದರೆ ಅದು ತೀರಾ ಹಳೆಯ ಶೈಲಿ, 10ರಿಂದ ನಡೆಯುವುದಿಲ್ಲ. ಮೂಲ ಕೋಡೇ ಕಳೆದಿದ್ದರೆ ಎಸ್‌ಕ್ಯೂಎಲ್‌ನಲ್ಲಿ ಮತ್ತೆ ಬರೆಯುವುದು ಬಿಟ್ಟು ಬೇರೆ ದಾರಿಯಿಲ್ಲ. ತೂಕ ಬದಲಿಸುವಂಥ ಕೆಲಸಕ್ಕೆ ಸಿ ಬೇಕಾಗಿಯೂ ಇರಲಿಲ್ಲ, ನಿಜ ಹೇಳಬೇಕೆಂದರೆ.

ಎಲ್ಲವೂ ಹಸಿರು, ಎರರ್ ಒಂದೂ ಇಲ್ಲ. ಆದರೂ ವರದಿಯಲ್ಲಿ ವ್ಯತ್ಯಾಸ ಇದೆ.

ಈ ಪುಟದಲ್ಲಿ ಹೆಚ್ಚು ಹೊತ್ತು ಕೂರಬೇಕಾದ ಪ್ರಶ್ನೆ ಇದು. ಮೂರು ಕಾರಣಗಳನ್ನು ಈ ಸರದಿಯಲ್ಲೇ ನೋಡಿ.

ಮೊದಲು, ಹೊಸ ಆವೃತ್ತಿಯೇ ನಿಮ್ಮ ಹೆಸರಿನ ಆಪರೇಟರ್ ತಂದಿದೆಯೇ? ಪಠ್ಯ ಹೀಗೆ ಶುರುವಾಗುತ್ತದೆಯೇ ಎಂದು ನೋಡುವ ^@ ಪೋಸ್ಟ್‌ಗ್ರೆಸ್‌ನೊಳಗೇ ಬಂದದ್ದು 11ರಲ್ಲಿ. ಜೇಸನ್‌ಬಿ ಎರಡನ್ನು ಜೋಡಿಸುವ || ಬಂದದ್ದು 9.5ರಲ್ಲಿ, ಅದಕ್ಕೂ ಮುಂಚೆ ಸ್ವಂತವಾಗಿ ಕಟ್ಟಿಕೊಂಡವರಿದ್ದರು. ಸರ್ಚ್_ಪಾತ್‌ನಲ್ಲಿ ಹೆಸರು ಹೇಳಿ ಹಿಂದಕ್ಕೆ ಹಾಕದಿದ್ದರೆ ಪಿಜಿ_ಕೆಟಲಾಗ್ ಮೊದಲು ಹುಡುಕುವ ಜಾಗ. ಎರಡೂ ಕಡೆಯ ಬಗೆಗಳು ಒಂದೇ ಆದರೆ ನಿಮ್ಮದು ಮೂಲೆಗೆ ಸರಿಯುತ್ತದೆ, ಯಾರೂ ಹೇಳುವುದಿಲ್ಲ. ಹಳೆಯ ವ್ಯೂ ನಿಮ್ಮ ಆಪರೇಟರನ್ನೇ ಹಿಡಿದುಕೊಂಡಿರುತ್ತದೆ, ಪ್ರೋಗ್ರಾಂ ಕಳಿಸುವ ಕ್ವೆರಿ ಹೊಸದಕ್ಕೆ ಹೋಗುತ್ತದೆ. ಒಂದೇ ಸಾಲು ಎರಡು ಕಡೆ ಎರಡು ಉತ್ತರ! ಮೇಲಿನ ಪಟ್ಟಿಯ ಪ್ರತಿ ಹೆಸರನ್ನೂ ಹೊಸ ಸರ್ವರ್‌ನಲ್ಲಿ \ಡಿಓಎಸ್ ಜೊತೆ ಹುಡುಕಿ ನೋಡಿ.

ಎರಡನೆಯದು ಆದ್ಯತೆ. 9.5ರ ಮುಂಚೆ <=, >=, <> ಮೂರೂ ಸ್ವಂತ ಆಪರೇಟರ್‌ಗಳ ಮಟ್ಟದಲ್ಲೇ ಇದ್ದವು. ಎರಡು ಬೆಲೆಗಳ ನಡುವೆ ಕೂರುವ @@# ಎಂಬ ಸ್ವಂತ ಆಪರೇಟರ್ ಇದೆ ಅನ್ನಿ. ಎ @@# ಬಿ <= ಸಿ @@# ಡಿ ಎಂದಿದ್ದರೆ ಎಡದಿಂದ ಬಲಕ್ಕೆ ಒಂದೊಂದಾಗಿ ಸೇರಿಸಿಕೊಂಡು ಹೋಗುತ್ತಿತ್ತು. 9.5ರಿಂದ ಎರಡು ಬದಿಗಳು ಮೊದಲು ಮುಗಿದು ಆಮೇಲೆ ಹೋಲಿಕೆ ನಡೆಯುತ್ತದೆ. 'ಈಸ್ ನಲ್' ಕೂಡ ಕೆಳಗಿಳಿಯಿತು: ಎ = ಬಿ ಈಸ್ ನಲ್ ಎಂದರೆ ಹಿಂದೆ ಬಿ ಖಾಲಿಯೇ ಎಂದು ಮೊದಲು ನೋಡುತ್ತಿತ್ತು, ಈಗ ಎ = ಬಿ ಮೊದಲು. ಆಪರೇಟರ್_ಪ್ರಿಸಿಡೆನ್ಸ್_ವಾರ್ನಿಂಗ್ ಎಂಬ ಸೆಟ್ಟಿಂಗ್ ಇಂಥ ಸಾಲುಗಳನ್ನು ತೋರಿಸುತ್ತಿತ್ತು, 14ರಲ್ಲಿ ಅದನ್ನು ತೆಗೆದರು. ಆದ್ದರಿಂದ 9.4ರಿಂದ ಹೊರಟವರು ಪರೀಕ್ಷೆಗಾಗಿ ಮಾತ್ರ ಮಧ್ಯೆ 13ರಲ್ಲಿ ಒಮ್ಮೆ ನಿಂತು, ಅದನ್ನು 'ಆನ್' ಮಾಡಿ ಎಲ್ಲ ವರದಿ ಓಡಿಸಿ ಮುಂದೆ ಹೋಗುವುದು ಜಾಣತನ.

ಮೂರನೆಯದು ಅಕ್ಷರಗಳ ಸರದಿ. ಅದಕ್ಕೆ ಬೇರೆ ಪ್ರಶ್ನೆಯೇ ಬೇಕು.

ಕನ್ನಡ ಹೆಸರು ಹುಡುಕಿದರೆ ಕೆಲವು ಸದಸ್ಯರು ಸಿಗುವುದೇ ಇಲ್ಲ. ಟೇಬಲ್‌ನಲ್ಲಿ ಕಣ್ಣೆದುರೇ ಇದ್ದಾರೆ.

ಪೋಸ್ಟ್‌ಗ್ರೆಸ್ ಜೊತೆಗೆ ಲಿನಕ್ಸ್ ಅನ್ನೂ ಬದಲಿಸಿದಿರಾ? ಲಿನಕ್ಸ್‌ನ ಮೂಲ ಲೈಬ್ರರಿಯಾದ ಜಿಲಿಬ್‌ಸಿ 2.28ರಲ್ಲಿ ಅಕ್ಷರಗಳನ್ನು ಸಾಲಾಗಿಸುವ ನಿಯಮಗಳು ದೊಡ್ಡ ಪ್ರಮಾಣದಲ್ಲಿ ಬದಲಾದವು. ಡೆಬಿಯನ್ 10, ರೆಡ್ ಹ್ಯಾಟ್ 8, ಉಬುಂಟು 18.10ರಿಂದ ಅದು ಬಂತು. ಅಂದರೆ ಉಬುಂಟು 18.04ರಿಂದ 20.04ಕ್ಕೆ, ಸೆಂಟ್‌ಓಎಸ್ 7ರಿಂದ 8ರ ಬಳಗಕ್ಕೆ ಹೋದವರು ಆ ಗಡಿ ದಾಟಿದ್ದಾರೆ. ಪಿಜಿ_ಅಪ್‌ಗ್ರೇಡ್ ಇಂಡೆಕ್ಸ್ ಫೈಲ್‌ಗಳನ್ನು ಹಾಗೇ ತರುತ್ತದೆ. ಹಳೆಯ ನಿಯಮದಲ್ಲಿ ಜೋಡಿಸಿದ ಇಂಡೆಕ್ಸ್‌ನಲ್ಲಿ ಹೊಸ ನಿಯಮದಿಂದ ಹುಡುಕಿದರೆ ತಪ್ಪು ಕೊಂಬೆಗೆ ಹೋಗುತ್ತದೆ. ಹುಡುಕಿದ್ದು ಸಿಗುವುದಿಲ್ಲ, ಯೂನಿಕ್ ಇಂಡೆಕ್ಸ್ ಇದ್ದರೂ ನಕಲು ದಾಖಲೆ ಸೇರಿಕೊಳ್ಳುತ್ತದೆ.

ಅನುಮಾನ ಇದ್ದರೆ ಎಎಂಚೆಕ್ ಎಕ್ಸ್‌ಟೆನ್ಷನ್‌ನ ಬಿಟಿ_ಇಂಡೆಕ್ಸ್_ಚೆಕ್ ಓಡಿಸಿ. ಅನುಮಾನ ಇಲ್ಲದಿದ್ದರೂ ರೀಇಂಡೆಕ್ಸ್ ಡೇಟಾಬೇಸ್ ಕೊಟ್ಟುಬಿಡಿ. 15ರಿಂದ ಆಮೇಲೆ ಆಲ್ಟರ್ ಡೇಟಾಬೇಸ್ ... ರಿಫ್ರೆಶ್ ಕೊಲೇಶನ್ ವರ್ಷನ್ ಕೊಟ್ಟರೆ ಎಚ್ಚರಿಕೆ ಸಂದೇಶ ನಿಲ್ಲುತ್ತದೆ. ಸರದಿ ಮುಖ್ಯ: ರೀಇಂಡೆಕ್ಸ್ ಮಾಡದೆ ಎಚ್ಚರಿಕೆ ಮಾತ್ರ ನಿಲ್ಲಿಸುವುದು ಸೋರುವ ಹಂಚಿನ ಕೆಳಗೆ ಚಾಪೆ ಹಾಸಿದ ಹಾಗೆ.

=@= ಆಪರೇಟರ್ ಒಳಗೂ ಒಮ್ಮೆ ನೋಡಿ. ಕನ್ನಡದಲ್ಲಿ 'ಕೋ' ಎಂಬ ಒಂದೇ ಅಕ್ಷರದ ಸ್ವರಚಿಹ್ನೆಯನ್ನು ಒಂದು ಕೋಡ್ ಆಗಿಯೂ ಟೈಪ್ ಮಾಡಬಹುದು, ಬಿಡಿ ತುಂಡುಗಳಾಗಿಯೂ ಟೈಪ್ ಮಾಡಬಹುದು. 'ಮಂಜುನಾಥ್' ಕೊನೆಯಲ್ಲಿ ಕಾಣದ ವಿಭಜಕ, ಅಂದರೆ ಯು+200ಸಿ, ಇರಬಹುದು, ಇಲ್ಲದಿರಬಹುದು. 13ರಿಂದ ನಾರ್ಮಲೈಸ್() ಫಂಕ್ಷನ್ ಪೋಸ್ಟ್‌ಗ್ರೆಸ್‌ನಲ್ಲೇ ಇದೆ, ಡೇಟಾಬೇಸ್ ಯುಟಿಎಫ್8 ಆಗಿರಬೇಕು ಅಷ್ಟೆ. ಸ್ವರಚಿಹ್ನೆಯ ತೊಡಕು ಅದು ಬಗೆಹರಿಸುತ್ತದೆ. ವಿಭಜಕವನ್ನು ಮಾತ್ರ ರಿಪ್ಲೇಸ್‌ನಿಂದ ನೀವೇ ತೆಗೆಯಬೇಕು. ಫಂಕ್ಷನ್ ಒಡಲು ಬದಲಿಸಿದ ಕ್ಷಣವೇ ಅದನ್ನು ಬಳಸುವ ಇಂಡೆಕ್ಸ್‌ಗಳು ಹಳತಾದವು ಎಂದು ತಿಳಿದು ರೀಇಂಡೆಕ್ಸ್ ಮಾಡಿ, ಪೋಸ್ಟ್‌ಗ್ರೆಸ್ ತಾನಾಗಿ ಮಾಡುವುದಿಲ್ಲ.

ಪಿಎಸ್‌ಕ್ಯೂಎಲ್‌ನಲ್ಲಿ ಸರಿ, ಪ್ರೋಗ್ರಾಂನಿಂದ ಬಂದರೆ ಎರರ್.

ಡ್ರೈವರ್ ನೋಡಿ. ಜಾವಾದ ಜೆಡಿಬಿಸಿ ? ಅನ್ನು ಬೆಲೆ ತುಂಬುವ ಜಾಗ ಎಂದುಕೊಳ್ಳುತ್ತದೆ, ?? ಎಂದು ಬರೆಯಬೇಕು. ಪೈಥಾನ್‌ನ ಸೈಕೋಪಿಜಿಯಲ್ಲಿ ಬೆಲೆಗಳ ಜೊತೆ ಕಳಿಸುವಾಗ % ಇರುವ ಆಪರೇಟರ್ %% ಆಗಬೇಕು. ಸೈಕೋಪಿಜಿ 2ರಿಂದ 3ಕ್ಕೆ ಹೋದರೆ ಬೆಲೆಗಳು ಸರ್ವರ್ ಬದಿಯಲ್ಲಿ ತುಂಬಿಕೊಳ್ಳುತ್ತವೆ. ಹಿಂದೆ ಸುಮ್ಮನೆ ಹೊಂದುತ್ತಿದ್ದ ಡೇಟಾ ಬಗೆ ಈಗ ಹೊಂದದೆ ಹೋಗಬಹುದು, ::ಟೆಕ್ಸ್ಟ್ ಅಥವಾ ::ನ್ಯೂಮೆರಿಕ್ ಸೇರಿಸಿ.

ಉತ್ತರ ಸರಿ, ಆದರೆ ವಿಪರೀತ ನಿಧಾನ.

17ರವರೆಗೆ ಪಿಜಿ_ಅಪ್‌ಗ್ರೇಡ್ ಪ್ಲಾನರ್‌ನ ಅಂಕಿಅಂಶ ತರುವುದಿಲ್ಲ. ಮುಗಿದ ಕೂಡಲೇ ವ್ಯಾಕ್ಯೂಮ್‌ಡಿಬಿ --ಆಲ್ --ಅನಲೈಸ್-ಇನ್-ಸ್ಟೇಜಸ್ ಕೊಡಿ. 18 ಬಹುಪಾಲನ್ನು ತಾನೇ ತರುತ್ತದೆ.

ಆಮೇಲೂ ನಿಧಾನವಾದರೆ, ಆಪರೇಟರನ್ನು ಕೈಯಾರೆ ಮತ್ತೆ ಕಟ್ಟುವಾಗ ಬಾಲ ಕತ್ತರಿಸಿದ್ದೀರೋ ನೋಡಿ. ಹಳೆಯದಕ್ಕೆ ಕಮ್ಯುಟೇಟರ್, ನೆಗೇಟರ್, ರಿಸ್ಟ್ರಿಕ್ಟ್ = ಈಕ್ಯೂಸೆಲ್, ಜಾಯಿನ್ = ಈಕ್ಯೂಜಾಯಿನ್‌ಸೆಲ್ ಎಂದೆಲ್ಲ ಇತ್ತೇ? ಅವು ಇಲ್ಲದಿದ್ದರೆ ಎಷ್ಟು ಸಾಲು ಬರಬಹುದು ಎಂದು ಪ್ಲಾನರ್ ಕುರುಡಾಗಿ ಊಹಿಸುತ್ತದೆ. ರಿಸ್ಟ್ರಿಕ್ಟ್, ಜಾಯಿನ್ ಆಮೇಲೆಯೂ ಆಲ್ಟರ್ ಆಪರೇಟರ್‌ನಿಂದ ಸೇರಿಸಬಹುದು. ಕಮ್ಯುಟೇಟರ್, ನೆಗೇಟರ್, ಹ್ಯಾಶಸ್, ಮರ್ಜಸ್ ಹಾಗೆ ಸೇರಿಸಲು 17 ಬೇಕು. ಹ್ಯಾಶಸ್ ಅನ್ನು ಸುಮ್ಮನೆ ಹಾಕಬೇಡಿ: 'ಒಂದೇ' ಎಂದು ಹೇಳಿದ ಎರಡು ಹೆಸರಿಗೆ ಒಂದೇ ಹ್ಯಾಶ್ ಬರದಿದ್ದರೆ ಜಾಯಿನ್‌ನಲ್ಲಿ ಸಾಲುಗಳು ಮಾಯ.

ಅಪ್‌ಗ್ರೇಡ್‌ಗೆ ಯಾವ ಸಮಯ ಒಳ್ಳೆಯದು?

ಕೊಯ್ಲು ಸುಗ್ಗಿಯಲ್ಲಿ ಬೇಡವೇ ಬೇಡ. ಮಳೆಗಾಲದಲ್ಲಿ ಕರೆಂಟ್ ನೆಚ್ಚುವ ಹಾಗಿಲ್ಲ. ಮಾರ್ಚ್ 31ರ ಲೆಕ್ಕ ಮುಗಿದು ಮುಂಗಾರು ಹಿಡಿಯುವ ಮುಂಚೆ ಸಿಗುವ ವಾರಗಳೇ ಸರಿ. ಬೇಸಿಗೆಯ ಗುಡುಗು ಮಳೆಗೂ ಕರೆಂಟ್ ಹೋಗುತ್ತದೆ, ಯುಪಿಎಸ್ ಎಷ್ಟು ನಿಮಿಷ ತಡೆಯುತ್ತದೆ ಎಂದು ಹಿಂದಿನ ದಿನವೇ ಅಳೆದುಕೊಳ್ಳಿ.

ಒಂದು ವಾರ ಮುಂಚೆ ಬೇರೆ ಯಂತ್ರದಲ್ಲಿ ತಾಲೀಮು ಮಾಡಿ. ಹೊಸ ಆವೃತ್ತಿಯ ಪಿಜಿ_ಡಂಪ್‌ನಿಂದಲೇ ಹಳೆಯ ಸರ್ವರ್‌ನ ಡಂಪ್ ತೆಗೆಯಿರಿ, ಮೊದಲು -ಎಸ್ ಕೊಟ್ಟು ಸ್ಕೀಮಾ ಮಾತ್ರ, ಆನ್_ಎರರ್_ಸ್ಟಾಪ್ = 1 ಇಟ್ಟು ವಾಪಸ್ ಹಾಕಿ. ಎರರ್‌ಗಳು ಒಂದೊಂದಾಗಿ ಸಿಗುತ್ತವೆ. ಆಮೇಲೆ ಪೂರ್ತಿ ಡೇಟಾ ಹಾಕಿ, ಹಳೆಯದರಲ್ಲೂ ಹೊಸದರಲ್ಲೂ ಅದೇ 20 ವರದಿ ಓಡಿಸಿ, ಫೈಲ್‌ಗೆ ಬರೆಸಿ, ಡಿಫ್ ಮಾಡಿ. ಆರ್ಡರ್ ಬೈ ಇಲ್ಲದ ವರದಿಗೆ ಅದನ್ನು ಸೇರಿಸಿಕೊಳ್ಳಿ, ಇಲ್ಲದಿದ್ದರೆ ಬರೀ ಸಾಲಿನ ಸ್ಥಾನ ಬದಲಾದದ್ದಕ್ಕೇ ತಲೆಬಿಸಿ.

ಆ ದಿನ ಮೊದಲು ಪಿಜಿ_ಅಪ್‌ಗ್ರೇಡ್ --ಚೆಕ್. ಇದು ಏನನ್ನೂ ಬದಲಿಸುವುದಿಲ್ಲ, ಹಳೆಯ ಸರ್ವರ್ ಓಡುತ್ತಿರುವಾಗಲೂ ನಡೆಯುತ್ತದೆ. ಡಿಸ್ಕ್ ಜಾಗ ಇದ್ದರೆ ನಕಲು ಮಾಡುವ ಮಾಮೂಲಿ ದಾರಿ ಹಿಡಿಯಿರಿ. --ಲಿಂಕ್ ಬೇಗ ಮುಗಿಯುತ್ತದೆ, ಆದರೆ ಹೊಸ ಸರ್ವರನ್ನು ಒಮ್ಮೆ ಶುರು ಮಾಡಿದರೆ ಹಳೆಯದಕ್ಕೆ ಹಿಂತಿರುಗುವಂತಿಲ್ಲ, ಬ್ಯಾಕಪ್ ಒಂದೇ ಗತಿ.

ಆಪರೇಟರ್‌ಗಳನ್ನು ಎಕ್ಸ್‌ಟೆನ್ಷನ್ ಆಗಿ ಕಟ್ಟಿದರೆ ಮುಂದೆ ಈ ಗೋಳು ತಪ್ಪುತ್ತದಾ?

ಅರ್ಧ ತಪ್ಪುತ್ತದೆ. ಡಂಪ್‌ನಲ್ಲಿ 'ಕ್ರಿಯೇಟ್ ಎಕ್ಸ್‌ಟೆನ್ಷನ್' ಎಂಬ ಒಂದೇ ಸಾಲು ಬರುತ್ತದೆ, ಹೊಸ ಸರ್ವರ್‌ನಲ್ಲಿ ತಿದ್ದಿದ ಸ್ಕ್ರಿಪ್ಟ್ ಇಟ್ಟರೆ ಸಾಕು. ಆದರೆ ಪಿಜಿ_ಅಪ್‌ಗ್ರೇಡ್ ಎಕ್ಸ್‌ಟೆನ್ಷನ್‌ನ ಒಳಗಿನ ಒಂದೊಂದು ವಸ್ತುವನ್ನೂ ಬಿಡಿಯಾಗಿ ತರುತ್ತದೆ, ಅಲ್ಲಿ ಹಳೆಯ ಆಪರೇಟರ್ ಇದ್ದರೆ ಅಡ್ಡ ಬರುತ್ತದೆ. ಅದಕ್ಕೂ ಮುಂಚೆ ಹಳೆಯ ಸರ್ವರ್‌ನಲ್ಲೇ ಎಕ್ಸ್‌ಟೆನ್ಷನ್ ಅಪ್‌ಡೇಟ್ ಮಾಡಿರಬೇಕು.

ಇಂಡೆಕ್ಸ್‌ಗೆ ಬೇಕಾದ ಆಪರೇಟರ್‌ಗಳನ್ನು ಮಾತ್ರ ಉಳಿಸಿಕೊಳ್ಳಿ, ಅಂದರೆ ಆಪರೇಟರ್ ಕ್ಲಾಸ್‌ಗೆ ಸೇರಿದವು. ಬರೆಯಲು ಚಿಕ್ಕದಾಗಲಿ ಎಂದು ಕಟ್ಟಿದ @# ತರಹದವನ್ನು ಫಂಕ್ಷನ್ ಮಾಡಿಬಿಡಿ.

ಯಾರನ್ನಾದರೂ ಸಹಾಯ ಕೇಳುವ ಮುಂಚೆ ಏನೇನು ತೆಗೆದಿಟ್ಟುಕೊಳ್ಳಬೇಕು?

ಎರಡೂ ಸರ್ವರ್‌ನ ಸೆಲೆಕ್ಟ್ ವರ್ಷನ್() ಉತ್ತರ. ಎರರ್‌ನ ಪೂರ್ತಿ ಪಠ್ಯ, 'ಹಿಂಟ್', 'ಡೀಟೇಲ್', 'ಕಾಂಟೆಕ್ಸ್ಟ್' ಸಾಲುಗಳ ಸಮೇತ, ಮೊಬೈಲ್‌ನಲ್ಲಿ ತೆಗೆದ ಪರದೆಯ ಫೋಟೋ ಅಲ್ಲ. \ಡಿಓ+ ಪಟ್ಟಿ, ಶೋ ಸರ್ಚ್_ಪಾತ್ ಉತ್ತರ, ಆ ಆಪರೇಟರ್‌ನ ಹಿಂದಿರುವ ಫಂಕ್ಷನ್‌ನ ಪಠ್ಯ, ಲಿನಕ್ಸ್ ಆವೃತ್ತಿ. ಸ್ಕೀಮಾ ಡಂಪ್ ಕಳಿಸಿದರೆ ಸಾಕು. ರೈತರ ಹೆಸರು, ಖಾತೆ ಸಂಖ್ಯೆ, ಆಧಾರ್ ಇರುವ ಡೇಟಾ ಡಂಪ್ ಯಾರಿಗೂ ಕಳಿಸಬೇಡಿ.